ರೋಗಿ ಮರಳಿ ಬರಲಿಲ್ಲ

ಫೆಬ್ರವರಿ 4

ತಮ್ಮಾ,

ಇದನ್ನು ಊಟಕ್ಕೆ ಮುಂಚೆ ಓದಬೇಡ, ಊಟ ಆದಮೇಲೂ ಓದಬೇಡ. ಎರಡು ಊಟದ ನಡುವೆ ಯಾವಾಗಲಾದರೂ ಬಿಡುವು ಮಾಡಿಕೊಂಡು ಓದು. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಹೋದ ತಿಂಗಳು ನೀನು ಸ್ಪೀಕರಿನಲ್ಲಿ ಆ ಮೂತ್ರಕೋಶದೊಳಗೆ ಸಿಕ್ಕ ತಂತಿಯ ಕಥೆ ಶುರುಮಾಡಿದ ಕೂಡಲೇ ಅರ್ಧ ತಟ್ಟೆ ಬಿಟ್ಟು ಎದ್ದಳು. "ಇಬ್ರು ಡಾಕ್ಟರನ್ನ ಹೆತ್ತೆ ಅಂದ್ಕೊಂಡಿದ್ದೆ. ಇಬ್ರು ಚರಂಡಿ ರಿಪೇರಿಯವರನ್ನ ಹೆತ್ತಿದ್ದೀನಿ" ಅಂದಳು. ಅದರಲ್ಲಿ ಸುಳ್ಳೇನಿದೆ? ನೀನು ಕೆಳಗಿನ ಕೊಳಾಯಿ ನೋಡಿಕೊಳ್ಳುತ್ತೀಯ, ನಾನು ಮೇಲಿನದು, ಮೂಗು-ಗಂಟಲಿನದು. ಆದ್ದರಿಂದ ನಮ್ಮ ಹೊಲಸೆಲ್ಲ ಇನ್ನು ಮುಂದೆಯೂ ಕಾಗದದಲ್ಲೇ ಇರಲಿ.

ಯಾರ ಕೇಸು ಹೆಚ್ಚು ಹೊಲಸು ಅನ್ನುವ ನಮ್ಮ ಪಂದ್ಯ ಈ ತಿಂಗಳು ನನ್ನದು. ಸೋಲು ಒಪ್ಪಿಕೋ.

ಇಪ್ಪತ್ತಮೂರು ವರ್ಷದ ಹುಡುಗಿ. ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹತ್ತು ವರ್ಷದಿಂದ ಬಲಗಡೆ ಮೂಗಿನಿಂದ ಕೀವು, ಜೊತೆಗೆ ನಾತ. ಎಂಥ ನಾತ ಅಂತ ಹೇಳಲಿ? ಅವಳು ಹೊರರೋಗಿ ಕೋಣೆಯ ಹೊಸ್ತಿಲು ದಾಟಿದ ಕೂಡಲೇ ನನ್ನ ನರ್ಸ್ ಎದ್ದುಹೋಗಿ ಕಿಟಕಿ ತೆರೆದಳು, ಅವಳ ಕಣ್ಣೆದುರಿಗೇ. ನನಗೆ ನಾಚಿಕೆಯಾಯಿತು. ಹುಡುಗಿ ಮಾತ್ರ, "ಪರವಾಗಿಲ್ಲ ಮೇಡಂ, ಎಲ್ಲರೂ ತೆಗೀತಾರೆ" ಅಂದಳು. ಮೀನಿನ ಕೆಲಸಕ್ಕೆ ಯಾಕೆ ಸೇರಿದೆ ಅಂತ ಕೇಳಿದೆ. "ಅಲ್ಲಿ ಯಾರಿಗೂ ಗೊತ್ತಾಗಲ್ಲ" ಅಂದಳು. ಶಾಲೆಯಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಹತ್ತನೇ ತರಗತಿಗೇ ಬಿಟ್ಟಿದ್ದಾಳೆ. ಒಬ್ಬ ಹಲ್ಲಿನ ಡಾಕ್ಟರು ಹುಳುಕು ಅಂದುಕೊಂಡು ಎರಡು ಗಟ್ಟಿ ದವಡೆ ಹಲ್ಲು ಕಿತ್ತಿದ್ದಾನೆ. ಇನ್ನೊಬ್ಬ ಮಹಾನುಭಾವ, ದಿನಾ ಸ್ನಾನ ಮಾಡಮ್ಮ ಅಂದನಂತೆ.

ನಿನ್ನೆ ಆಪರೇಷನ್ ಮಾಡಿದೆ. ಕೆನ್ನೆಯ ಮೂಳೆಯೊಳಗಿನ ಟೊಳ್ಳನ್ನು ತೆರೆದರೆ ಒಳಗೆ ಏನೋ ಕಲ್ಲಿನ ಹಾಗೆ ತಾಗಿತು. ಇಕ್ಕಳದಲ್ಲಿ ಹಿಡಿದು ಎಳೆದೆ. ಬಂತು, ಬಂತು, ಬರುತ್ತಲೇ ಇತ್ತು. ಒಂದೂವರೆ ಅಡಿ ಉದ್ದದ ಬ್ಯಾಂಡೇಜ್ ಬಟ್ಟೆಯ ಪಟ್ಟಿ! ಹಸಿರುಗಪ್ಪು ಬಣ್ಣ, ಸುಣ್ಣ ಕಟ್ಟಿ ಗಟ್ಟಿಯಾಗಿದೆ, ಮಡಿಕೆ ಮಡಿಕೆಯಲ್ಲೂ ಕೀವು. ಅರಿವಳಿಕೆ ಡಾಕ್ಟರು ಮುಖ ತಿರುಗಿಸಿ ನಿಂತರು. ಇಪ್ಪತ್ತು ವರ್ಷದ ಕೆಲಸದಲ್ಲಿ ನಾನು ಮೊದಲ ಸಲ ಮಾಸ್ಕಿನೊಳಗೇ ಓಕರಿಸಿದೆ. ಮನೆಗೆ ಬಂದು ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಆ ವಾಸನೆ ಹೋಗಿಲ್ಲ.

ಹದಿಮೂರನೇ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದು ಕೆನ್ನೆ ಮೂಳೆ ಮುರಿದುಕೊಂಡಿದ್ದಳು. ಆಗ ಯಾರೋ ರಿಪೇರಿ ಮಾಡಿ, ರಕ್ತ ನಿಲ್ಲಲಿ ಅಂತ ಮೂಗಿಗೊಂದು ಪಟ್ಟಿ, ಕೆನ್ನೆಗೊಂದು ಪಟ್ಟಿ ತುರುಕಿದ್ದಾರೆ. ಮೂಗಿನದನ್ನು ತೆಗೆದಿದ್ದಾರೆ. ಕೆನ್ನೆಯದನ್ನು ಮರೆತು ಕೈ ತೊಳೆದುಕೊಂಡಿದ್ದಾರೆ. ಥೂ! ಎರಡರವರೆಗೆ ಎಣಿಸಲು ಬಾರದವರ ಕೈಗೆ ಚಾಕು ಕೊಟ್ಟವರ್ಯಾರು? ಅಂಥವರ ಮುಖಕ್ಕೆ ಆ ಪಟ್ಟಿಯನ್ನೇ ಕಟ್ಟಿ ಹತ್ತು ದಿನ ಕೂರಿಸಬೇಕು.

ನಮ್ಮ ಡಾಕ್ಟರರ ಸಂಘದ ಪತ್ರಿಕೆಯ 'ಅಪರೂಪದ ಪ್ರಕರಣ' ಪುಟ ಈ ಸಲವೂ ಖಾಲಿ ಬಿದ್ದಿದೆ. ಸಂಪಾದಕಿ ಅನ್ನಿಸಿಕೊಂಡ ತಪ್ಪಿಗೆ ನಾನೇ ಬೇಡಿ ತರಬೇಕು. ನಿನ್ನ ಕಡೆಯಿಂದ ಒಂದು ಒಳ್ಳೆಯ ಹೊಲಸು ಕಳಿಸು.

ಅಕ್ಕ

*

ಫೆಬ್ರವರಿ 19

ಅಕ್ಕಾ,

ನಿನ್ನ ಮಾತು ಮೀರಿ ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಪತ್ರ ಓದಿದೆ. ಡಬ್ಬಿ ಹಾಗೇ ಮನೆಗೆ ವಾಪಸ್ಸು ಹೋಯಿತು. ಹೆಂಡತಿಯ ಕೈಯಲ್ಲಿ ಬೈಸಿಕೊಂಡೆ. ಆದರೂ ಸೋಲು ಒಪ್ಪುವುದಿಲ್ಲ.

ಪತ್ರ ಮೇಜಿನ ಮೇಲೆ ಇನ್ನೂ ತೆರೆದೇ ಇತ್ತು. ಆಗ ಒಬ್ಬ ಡ್ರೈವರು ಬಂದ. ನಲವತ್ತೆಂಟು ವರ್ಷ. ಮೊದಲು ಸಿಟಿ ಬಸ್ ಓಡಿಸುತ್ತಿದ್ದವನು, ಈಗ ಡಿಪೋದಲ್ಲಿ ಟೈರು ಉರುಳಿಸುತ್ತಾನೆ. ಎಂಟು ವರ್ಷದಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಮೂತ್ರಕ್ಕೆ ಓಡಬೇಕು, ಉರಿ, ಆಗಾಗ ರಕ್ತ. ಸೀಟಿನ ಕೆಳಗೆ ಬಾಟಲಿ ಇಟ್ಟುಕೊಂಡು ಓಡಿಸುತ್ತಿದ್ದನಂತೆ. ಒಂದು ದಿನ ತಿರುವಿನಲ್ಲಿ ಬಾಟಲಿ ಉರುಳಿ ಹೆಂಗಸರ ಸೀಟಿನವರೆಗೂ ಹೋಯಿತು. ಅವತ್ತಿನಿಂದ ಡಿಪೋದಲ್ಲಿ ಅವನಿಗೆ 'ಬಾಟಲಿ' ಅಂತಲೇ ಹೆಸರು. ಬಸ್ಸಿನಿಂದಲೂ ಇಳಿಸಿದರು. ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ.

ಸಾಮಾನ್ಯವಾಗಿ ಇಂಥವರಿಗೆ ಒಂದು ಮಾತ್ರೆ ಬರೆದು, ನೀರು ಚೆನ್ನಾಗಿ ಕುಡಿಯಿರಿ ಅಂತ ಹೇಳಿ ಮುಂದಿನವರನ್ನು ಕರೆಯುವುದು ನಮ್ಮ ಪದ್ಧತಿ. ನಿನ್ನ ಪಟ್ಟಿಯ ಕಥೆ ತಲೆಯಲ್ಲಿ ಕೊರೆಯುತ್ತಿತ್ತು. ಹೊಟ್ಟೆಯ ಎಕ್ಸ್‌ರೇ ತೆಗೆಸಿದೆ.

ನೀನು ಮೇಲಿನ ಕೊಳಾಯಿಯವಳು, ಮರೆತಿರುತ್ತೀಯ, ನೆನಪಿಸುತ್ತೇನೆ. ಕಲ್ಲು ತೆಗೆದ ಮೇಲೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ನಾವು ಒಂದು ತೆಳು ನಳಿಕೆ ಇಡುತ್ತೇವಲ್ಲ, ಎರಡು ತುದಿಯಲ್ಲೂ ಸುರುಳಿ ಇರುವುದು. ಆರು ವಾರಕ್ಕೆ ಅದನ್ನು ತೆಗೆದುಬಿಡಬೇಕು. ಇವನೊಳಗೆ ಅದು ಎಂಟು ವರ್ಷದಿಂದ ಕೂತಿದೆ. ಕೆಳಗಿನ ಸುರುಳಿಯ ಸುತ್ತ ಕೋಳಿಮೊಟ್ಟೆ ಗಾತ್ರದ ಕಲ್ಲು. ಮೇಲಿನದರ ಸುತ್ತ ಇನ್ನೊಂದು. ಹೋದ ವಾರ ಹೊಟ್ಟೆ ಬಿಚ್ಚಿದೆ. ಎಡ ಮೂತ್ರಪಿಂಡ ಅನ್ನುವುದೇ ಇರಲಿಲ್ಲ, ಕೀವು ತುಂಬಿದ ಚೀಲವಿತ್ತು. ತಾಗಿದ ಕೂಡಲೇ ಒಡೆದು ನನ್ನ ಬೂಟಿನ ಮೇಲೆ ಸುರಿಯಿತು. ಕೊಳೆತ ಉಚ್ಚೆಯ ವಾಸನೆ ಹೇಗಿರುತ್ತದೆ ಅಂತ ಬರೆಯುವುದಿಲ್ಲ, ಅಮ್ಮ ನಿನ್ನ ಹೆಗಲ ಮೇಲಿನಿಂದ ಓದಿಬಿಟ್ಟಾಳು. ಆ ಬೂಟನ್ನು ಎಸೆದೆ.

ಎಲ್ಲಿ ಹಾಕಿಸಿಕೊಂಡನೋ, ಯಾರು ಹಾಕಿದರೋ. ಮನುಷ್ಯ ಬದುಕಿದ್ದಾನೆ. ಪಂದ್ಯ ಸಮ ಅಂದುಕೊಳ್ಳೋಣ.

ತಮ್ಮ

*

ಫೆಬ್ರವರಿ 27

ತಮ್ಮಾ,

ಸಮ ಅಲ್ಲ, ನೀನೇ ಗೆದ್ದೆ. ಪತ್ರ ಓದಿ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದೆ. ಆಮೇಲೆ ಮೈಯೆಲ್ಲ ಉರಿಯಿತು.

"ಯಾರು ಹಾಕಿದರೋ" ಅಂದರೇನು? ಅದು ಮಳೆಗೆ ಮೊಳೆಯುವ ಗಿಡವೇ? ಯಾವನೋ ಒಬ್ಬ ಕೈಗವಸು ಹಾಕಿಕೊಂಡು ನಿಂತು ಹಾಕಿದ್ದಾನೆ. ಆ ಡ್ರೈವರಿನ ಹತ್ತಿರ ಹಳೆಯ ಚೀಟಿ ಇರುತ್ತದೆ. ಬಡವರು ಆಸ್ಪತ್ರೆಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನಲ್ಲಿ ಜೋಪಾನ ಮಾಡುತ್ತಾರೆ, ನಾವು ದಾಖಲೆ ಕೋಣೆಯಲ್ಲಿ ಇಲಿಗೆ ಹಾಕುತ್ತೇವೆ. ಅದನ್ನು ತರಿಸು. ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಲ್ಲ ತಿಳಿದುಕೋ. ಹೆಸರು ನಾವು ಅಚ್ಚು ಹಾಕುವುದಿಲ್ಲ. ಆದರೆ ಆ ಡ್ರೈವರಿಗೆ ಗೊತ್ತಾಗಬೇಕು ಕಣೋ. ಎಂಟು ವರ್ಷ ಅವನು ತನ್ನ ಮೈಯನ್ನೇ ಬೈದುಕೊಂಡು ಬದುಕಿದ್ದಾನೆ.

ನಿನ್ನದೂ ನನ್ನದೂ ಒಟ್ಟಿಗೇ ಹಾಕುತ್ತೇನೆ, 'ಒಳಗೆ ಬಿಟ್ಟು ಬಂದವರು' ಅಂತ. ಬೇಗ ಬರೆದು ಕಳಿಸು. ಫೋಟೋ ಮರೆಯಬೇಡ.

ಅಕ್ಕ

*

ಏಪ್ರಿಲ್ 10

ಅಕ್ಕಾ,

ತಡವಾಯಿತು. ಮಕ್ಕಳ ಪರೀಕ್ಷೆ, ಇವಳಿಗೆ ಸೊಂಟ ನೋವು, ಇಬ್ಬರು ಜೂನಿಯರ್‌ಗಳು ರಜೆ. ಪ್ರಕರಣ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ಹೆಚ್ಚು ತಿದ್ದುವುದೇನೂ ಇಲ್ಲ, ಹಾಗೇ ಹಾಕಿಬಿಡು. ಫೋಟೋ ಸರಿಯಾಗಿ ಬಂದಿಲ್ಲ.

"ನಲವತ್ತೆಂಟು ವರ್ಷದ ಪುರುಷ. ಎಂಟು ವರ್ಷಗಳ ಹಿಂದೆ ಕಲ್ಲಿನ ಶಸ್ತ್ರಚಿಕಿತ್ಸೆಯ ನಂತರ ಎಡಗಡೆ ನಳಿಕೆ ಅಳವಡಿಸಲಾಗಿತ್ತು. ನಳಿಕೆ ತೆಗೆಸಿಕೊಳ್ಳುವಂತೆ ಸೂಚಿಸಲಾಗಿದ್ದರೂ ರೋಗಿ ಮರಳಿ ಬರಲಿಲ್ಲ..."

ಅಮ್ಮನಿಗೆ ನಮಸ್ಕಾರ.

ತಮ್ಮ

*

ಏಪ್ರಿಲ್ 15

ತಮ್ಮಾ,

ಆರು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತು, ಕೊನೆಗೆ ಇದನ್ನೇ ಕಳಿಸುವುದು?

ಒಂಬತ್ತು ವರ್ಷದಿಂದ ಈ ಪುಟ ನೋಡಿಕೊಳ್ಳುತ್ತಿದ್ದೇನೆ. "ರೋಗಿ ಮರಳಿ ಬರಲಿಲ್ಲ" ಅನ್ನುವ ವಾಕ್ಯ ಓದದ ಸಂಚಿಕೆಯಿಲ್ಲ. ಹೊಲಿಗೆ ಬಿಟ್ಟುಹೋದರೆ ರೋಗಿ ಮರಳಿ ಬರಲಿಲ್ಲ, ಗಂಟು ಮತ್ತೆ ಬೆಳೆದರೆ ರೋಗಿ ಮರಳಿ ಬರಲಿಲ್ಲ. ನಮ್ಮ ತಿಪ್ಪೆ ಸಾರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಗಣಿ ಇನ್ನೊಂದಿಲ್ಲ. ಇಷ್ಟು ವರ್ಷ ನಾನೂ ಕಣ್ಣು ಮುಚ್ಚಿಕೊಂಡು ಅಚ್ಚಿಗೆ ಕಳಿಸಿದ್ದೇನೆ. ನಿನ್ನ ಕೈಯಿಂದ ಬಂದದ್ದು ನೋಡಿ ಅಸಹ್ಯವಾಯಿತು.

ಇಪ್ಪತ್ತು ನಿಮಿಷಕ್ಕೊಮ್ಮೆ ಪಾಯಿಖಾನೆಗೆ ಓಡುವವನು ಎಂಟು ವರ್ಷದಲ್ಲಿ ಒಂದು ಸಲವೂ ಆಸ್ಪತ್ರೆಗೆ ಓಡಿಬರಲಿಲ್ಲವೇ? ಯಾರ ಕಿವಿಗೆ ಹೂವು ಇಡುತ್ತೀಯ? ನನಗೆ ಅರ್ಥವಾಗುತ್ತದೆ. ನಿಮ್ಮ ಮುಖ್ಯಸ್ಥರದೇ ಕೈವಾಡ ಇದು. ಮುಂದಿನ ವರ್ಷ ಆ ಕುರ್ಚಿ ನಿನಗೆ ಬರಬೇಕು, ಅದಕ್ಕೆ ಮುದುಕನ ಹೊಲಸನ್ನು ಸೆರಗಿನಲ್ಲಿ ಮುಚ್ಚುತ್ತಿದ್ದೀಯ. ಛೀ! ಚಿಕ್ಕವನಿದ್ದಾಗ ಬೆಕ್ಕಿನ ಮರಿ ಸತ್ತದ್ದಕ್ಕೆ ಎರಡು ದಿನ ಅತ್ತವನು ನೀನು.

ಆ ವಾಕ್ಯ ತೆಗೆದು ಕಳಿಸು. ಇಲ್ಲದಿದ್ದರೆ ಕಳಿಸಲೇಬೇಡ.

ಅಕ್ಕ

*

ಮೇ 2

ಅಕ್ಕಾ,

ಮುಖ್ಯಸ್ಥರದ್ದಲ್ಲ. ನನ್ನದು.

ಆ ನಳಿಕೆ ಹಾಕಿದ್ದು ನಾನು. ಎಕ್ಸ್‌ರೇ ನೋಡಿದ ದಿನ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮರುದಿನ ಡ್ರೈವರು ಹಳೆಯ ಚೀಟಿಗಳ ಕವರು ತಂದ. ನೀನು ಹೇಳಿದ ಹಾಗೇ ಪ್ಲಾಸ್ಟಿಕ್ಕಿನಲ್ಲಿ ಜೋಪಾನವಾಗಿತ್ತು. ಎಲ್ಲದರಲ್ಲೂ ನನ್ನ ಅಕ್ಷರ. ಆಮೇಲೆ ನಿನಗೆ ಬರೆಯುವಾಗ "ಯಾರು ಹಾಕಿದರೋ" ಅಂತ ಬರೆದೆ. ಆ ಸಾಲು ಬರೆದು, ಲಕೋಟೆ ಅಂಟಿಸಿ, ನೆಮ್ಮದಿಯಾಗಿ ಚಹಾ ಕುಡಿದೆ.

ನಡೆದದ್ದು ಇಷ್ಟು. ನಳಿಕೆ ಹಾಕಿದವರ ಹೆಸರು ಬರೆಯಲು ನಮ್ಮಲ್ಲಿ ಒಂದು ಪುಸ್ತಕವಿದೆ. ಒಂದು ಕಾಲಮ್ಮು 'ಒಳಗೆ', ಇನ್ನೊಂದು 'ಹೊರಗೆ'. ಯಾರದೂ ಮರೆಯಬಾರದು ಅಂತ ಆ ಪುಸ್ತಕ ಶುರುಮಾಡಿದವನೇ ನಾನು. ಗುರುವಾರ ತೆಗೆಯುವ ದಿನ. ಇವನ ಸರದಿಯ ಗುರುವಾರ ಹನ್ನೊಂದು ಜನರಿದ್ದರು. ಒಂಬತ್ತು ಜನರದ್ದು ಮುಗಿಯುವಷ್ಟರಲ್ಲಿ ಒಳಗೆ ಇಳಿಸಿ ನೋಡುವ ದುರ್ಬೀನಿನ ದೀಪ ಕೆಟ್ಟಿತು. ಇವನೂ ಸೇರಿ ಕೊನೆಯ ಇಬ್ಬರನ್ನು ಮುಂದಿನ ವಾರ ಬನ್ನಿ ಅಂತ ಕಳಿಸಿದೆವು. ಶನಿವಾರ ನಾನು ಪುಸ್ತಕ ತುಂಬಲು ಕೂತು, ಗುರುವಾರದ ಪಟ್ಟಿ ನೋಡಿ, ಮೇಲಿನಿಂದ ಕೆಳಗೆ ಹನ್ನೊಂದಕ್ಕೂ ಟಿಕ್ ಹಾಕಿದೆ. ಹನ್ನೊಂದೂ 'ಹೊರಗೆ'.

ಅವನು ಮರಳಿ ಬಂದಿದ್ದ, ಅಕ್ಕಾ. ಮುಂದಿನ ಗುರುವಾರವೇ, ರಜೆ ಹಾಕಿ. ಕೌಂಟರಿನ ಗುಮಾಸ್ತ ಪುಸ್ತಕ ತೆಗೆದು ನನ್ನ ಟಿಕ್ ತೋರಿಸಿದ. "ನಿಮ್ದು ತೆಗೆದಾಗಿದೆಯಲ್ರೀ." ಇವನು, "ನನಗೆ ಗೊತ್ತೇ ಆಗ್ಲಿಲ್ವಲ್ಲ ಸಾರ್" ಅಂದನಂತೆ. "ಮಂಪರಲ್ಲಿ ತೆಗೆದಿರ್ತಾರೆ, ನಿಮಗೆ ಹೇಗೆ ಗೊತ್ತಾಗುತ್ತೆ? ಹೋಗಿ ಹೋಗಿ." ಆ ಇನ್ನೊಬ್ಬ ಕೌಂಟರಿನಲ್ಲಿ ಕೂಗಾಡಿ, ರಾದ್ಧಾಂತ ಮಾಡಿ, ತೆಗೆಸಿಕೊಂಡು ಹೋದ. ಇವನು ಕೂಗುವವನಲ್ಲ. ಪುಸ್ತಕದಲ್ಲಿ ಬರೆದಿದೆ ಅಂದಮೇಲೆ ನಿಜವಿರಬೇಕು ಅಂದುಕೊಂಡು ಹೋದ.

ಆಮೇಲೆ ಎಂಟು ವರ್ಷದಲ್ಲಿ ನಾಲ್ಕು ಸಲ ಬಂದಿದ್ದಾನೆ, ನಾಲ್ಕು ಸಲವೂ ನನ್ನ ಹತ್ತಿರವೇ. ಒಂದು ಸಲವೂ ಎಕ್ಸ್‌ರೇ ಬರೆದಿಲ್ಲ ನಾನು. ಚೀಟಿಯಲ್ಲಿ ಏನಿದೆ ಗೊತ್ತೇ? "ನೀರು ಹೆಚ್ಚು ಕುಡಿಯಿರಿ." "ಮಾನಸಿಕ ಒತ್ತಡ." ಎರಡನೇ ಸಲ ಬಂದಾಗ ಜೊತೆಯಲ್ಲಿ ಹೆಂಡತಿಯೂ ಇದ್ದಳಂತೆ. ನಾನು ತಲೆ ಎತ್ತದೆ ಕೇಳಿದೆನಂತೆ, "ಬೇರೆ ಕಡೆ ಹೋಗೋ ಅಭ್ಯಾಸ ಇದೆಯಾ?" ಗುಪ್ತರೋಗದ ಅನುಮಾನಕ್ಕೆ ದಿನಕ್ಕೆ ಹತ್ತು ಜನರಿಗೆ ಕೇಳುವ ಪ್ರಶ್ನೆ ಅದು, ನನಗೆ ನೆನಪೂ ಇಲ್ಲ. ಅವನಿಗಿದೆ. ಅವತ್ತಿನಿಂದಲೇ ಅವಳು ಬೇರೆ ಕೋಣೆಯಲ್ಲಿ ಮಲಗುತ್ತಿರುವುದು.

ಇದನ್ನೆಲ್ಲ ಅವನು ನನ್ನ ಮೇಲೆ ದೂರು ಹೇಳುತ್ತಾ ಹೇಳಲಿಲ್ಲ. ಕಲ್ಲು ಎಲ್ಲಿಂದ ಬಂತು ಅಂತ ಅವನಿಗೆ ಇನ್ನೂ ಗೊತ್ತಿಲ್ಲ. ವಾರ್ಡಿನಲ್ಲಿ ನನ್ನ ಕೈ ಹಿಡಿದುಕೊಂಡು, "ನೀವು ದೊಡ್ಡ ಮನಸ್ಸು ಮಾಡಿ ಕಂಡುಹಿಡಿದ್ರಿ ಸಾರ್" ಅಂತ ಅತ್ತ. ನಾನು ಆ ಕೈ ಬಿಡಿಸಿಕೊಂಡು ಸಾಬೂನು ಹಾಕಿ ತೊಳೆದುಕೊಂಡೆ.

ಹೇಳಲೋ ಬೇಡವೋ? ನೀನು ಏನು ಹೇಳುತ್ತೀಯ ಅಂತ ಗೊತ್ತಿದೆ. ಆದರೂ ಕೇಳುತ್ತಿದ್ದೇನೆ.

ತಮ್ಮ

*

ಮೇ 6

ತಮ್ಮಾ,

ಮೊದಲ ಮಾತು, ನಿನ್ನ ಪತ್ರವನ್ನು ನಾನು ಹರಿದು ಹಾಕಿದ್ದೇನೆ, ನೀನೂ ಇದನ್ನು ಓದಿ ಹರಿದು ಹಾಕು.

ಏನೂ ಹೇಳಬೇಡ. ನಾನು ಏನು ಹೇಳುತ್ತೇನೆ ಅಂತ ನಿನಗೆ ಗೊತ್ತಿದೆ ಅಂದೆಯಲ್ಲ, ಗೊತ್ತಿಲ್ಲ. ಫೆಬ್ರವರಿಯಲ್ಲಿ ನಾನು ಬರೆದದ್ದು ಯಾರೋ ಬೇರೆಯವರ ಬಗ್ಗೆ. ನಿನಗೆ ಇಬ್ಬರು ಮಕ್ಕಳಿದ್ದಾರೆ. ಡ್ರೈವರಿಗೆ ಕಲ್ಲು ಹೋಯಿತು, ಉರಿ ಹೋಯಿತು, ಇನ್ನೊಂದು ಮೂತ್ರಪಿಂಡ ಚೆನ್ನಾಗಿದೆ. ಅವನಿಗೆ ಈಗ ಏನು ಕಡಿಮೆಯಾಗಿದೆ? ನೀನು ಹೋಗಿ ತಪ್ಪೊಪ್ಪಿಕೊಂಡರೆ ನಿನ್ನ ಎದೆಯ ಭಾರ ಇಳಿಯುತ್ತದೆ, ಅವನ ತಲೆಯ ಮೇಲೆ ಏರುತ್ತದೆ. ಇದೂ ಒಂದು ಸ್ವಾರ್ಥವೇ ಕಣೋ. ಪ್ರಕರಣವನ್ನು ಹಾಕುವುದಿಲ್ಲ, ಪುಟ ಖಾಲಿ ಹೋದರೆ ಹೋಗಲಿ.

ಇನ್ನೊಂದು ಮಾತು, ನೀನೊಬ್ಬನೇ ಅಂತ ತಿಳಿದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ. ಆ ಮೀನಿನ ಹುಡುಗಿಯ ಕೆನ್ನೆಯಿಂದ ಬಂದ ಪಟ್ಟಿಯ ತುದಿಗೆ ಕಪ್ಪು ರೇಷ್ಮೆ ದಾರದ ಗಂಟಿತ್ತು. ಹಾಗೆ ಗಂಟು ಹಾಕುವವರು ಯಾರು ಅಂತ ನಿನಗೂ ಗೊತ್ತು. ನಮ್ಮಿಬ್ಬರಿಗೂ ಚಾಕು ಹಿಡಿಯಲು ಕಲಿಸಿದ ಮೇಷ್ಟ್ರು. ಒಳಗೆ ಇಟ್ಟದ್ದು ಹೊರಗೆ ಕಾಣಬೇಕು ಅಂತ ದಾರ ಕಟ್ಟುತ್ತಿದ್ದರಲ್ಲ, ಆ ದಾರವೇ ಒಳಗೆ ಜಾರಿತ್ತು. ಎಂಬತ್ತು ದಾಟಿದ ಮನುಷ್ಯ, ಆಸ್ಪತ್ರೆಯ ಸಭಾಂಗಣದಲ್ಲಿ ಅವರ ಫೋಟೋ ಇದೆ. ಈ ವಯಸ್ಸಿನಲ್ಲಿ ಅವರ ಮುಖಕ್ಕೆ ಮಸಿ ಬಳಿಯುವುದೇ? ಪಟ್ಟಿಯನ್ನು ಲ್ಯಾಬಿಗೆ ಕಳಿಸಲಿಲ್ಲ, ಕಸದ ಚೀಲಕ್ಕೆ ಹಾಕಿದೆ. ಹುಡುಗಿಗೆ, ಒಂದು ಬಗೆಯ ಬೂಷ್ಟು ಬೆಳೆದಿತ್ತು, ಕೆಲವರ ಮೈಗುಣಕ್ಕೆ ಹಾಗಾಗುತ್ತದೆ ಅಂತ ಹೇಳಿದೆ. ಅವಳು ಖುಷಿಯಾಗಿದ್ದಾಳೆ. ನನಗೆ ಒಂದು ಕೈಚೀಲ ಹೊಲಿದು ತಂದುಕೊಟ್ಟಳು.

ಇವೆಲ್ಲ ಹೀಗೇ ನಡೆಯುತ್ತವೆ. ಬಾಯಿ ಮುಚ್ಚಿಕೊಂಡು ಕೆಲಸ ನೋಡು.

ಅಕ್ಕ

*

ಜೂನ್ 14

ಅಕ್ಕಾ,

ನಿನ್ನ ಪತ್ರವನ್ನು ಹರಿದು ಹಾಕಿಲ್ಲ. ಐದು ವಾರ ಮೇಜಿನ ಖಾನೆಯಲ್ಲಿತ್ತು. ದಿನಾ ತೆಗೆದು ಓದಿದೆ. ಓದಿದಷ್ಟು ದಿನ ಏನೂ ಹೇಳಲಿಲ್ಲ, ನೀನು ಕೊಟ್ಟ ಕಾರಣಗಳು ಹಿತವಾಗಿದ್ದವು. ಹಿತವಾಗಿದ್ದವು ಅನ್ನುವುದಕ್ಕೇ ಕೊನೆಕೊನೆಗೆ ಹೇಸಿಗೆಯಾಯಿತು.

ಹೋದ ಸೋಮವಾರ ಡ್ರೈವರು ತಪಾಸಣೆಗೆ ಬಂದ. ಬಾಗಿಲು ಹಾಕಿ ಎಲ್ಲ ಹೇಳಿದೆ, ಪುಸ್ತಕ ತರಿಸಿ ನನ್ನ ಟಿಕ್ ತೋರಿಸಿದೆ. ಅವನು ಕೂಗುತ್ತಾನೆ, ಹೊಡೆಯುತ್ತಾನೆ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಆ ಟಿಕ್ಕಿನ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಕೇಳಿದ, "ಹಾಗಾದ್ರೆ ಇದು ಬೇರೆ ಕಡೆ ಹೋಗಿ ಬಂದ ಕಾಯಿಲೆ ಅಲ್ಲ?"

"ಅಲ್ಲಪ್ಪ, ಅಲ್ಲವೇ ಅಲ್ಲ."

"ಅವತ್ತು ನನ್ ಹೆಂಡ್ತಿ ಎದುರಿಗೆ ಕೇಳಿದ್ರಿ. ಈಗ ಅವಳ ಎದುರಿಗೇ ಬಂದು ಹೇಳಿ."

ಮೂತ್ರಪಿಂಡದ ಮಾತೇ ಎತ್ತಲಿಲ್ಲ ಅವನು, ಕೆಲಸದ್ದೂ ಎತ್ತಲಿಲ್ಲ. ಅದೊಂದೇ ಕೇಳಿದ.

ಹೋದೆ. ಟೈರಿನಂಗಡಿಯ ಮೇಲಿನ ಮಹಡಿ, ಎರಡು ಕೋಣೆ. ಅವಳು ನೆಲದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು, ಎರಡು ರಾಶಿ. ಅವನ ಅಂಗಿಗಳು ಬೇರೆ ಮೂಲೆಯಲ್ಲಿದ್ದವು. ನಾನು ನಿಂತೇ ಹೇಳಿದೆ. ಅವಳು ಮಡಿಸುವುದು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಅಂದಳು, "ಎಂಟು ವರ್ಷ ಇವರ ಬಟ್ಟೆ ಬೇರೆ ನೆನೆಹಾಕಿದ್ದೀನಿ. ಕುದಿಯೋ ನೀರಲ್ಲಿ. ತಟ್ಟೆ ಬೇರೆ, ಲೋಟ ಬೇರೆ. ಮಗಳು ಅಪ್ಪನ ತೊಡೆ ಮೇಲೆ ಕೂತ್ರೆ ಎಳ್ಕೊಂಡು ಬಂದು ಹೊಡೆದಿದ್ದೀನಿ. ನೀವು ಒಂದು ಮಾತು ಕೇಳಿ ಮರೆತ್ರಿ ಡಾಕ್ಟ್ರೇ. ನಾನು ದಿನಾ ಕೇಳಿದ್ದೀನಿ ಇವರನ್ನ. ಈಗ ನಾನೇನು ಮಾಡ್ಲಿ, ಹೇಳಿ?" ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ರಾಶಿಗೆ ಸೇರಿಸಿದಳು. "ಎದ್ದು ಹೋಗಿ, ಊಟದ ಹೊತ್ತಾಯ್ತು" ಅಂದಳು. ನಾನು ಕೂತೇ ಇರಲಿಲ್ಲ. ಮೆಟ್ಟಿಲಿಳಿಯುವಾಗ ಅವನು ಒಳಗೆ ಜೋರಾಗಿ ಅಳುವುದು ಕೇಳಿಸಿತು. ಅವಳು ಗದರಲಿಲ್ಲ.

ಆಸ್ಪತ್ರೆಗೆ ಲಿಖಿತವಾಗಿ ಕೊಟ್ಟಿದ್ದೇನೆ. ವಿಚಾರಣೆ ಮುಗಿಯುವ ತನಕ ನಾನು ಆಪರೇಷನ್ ಕೋಣೆಗೆ ಕಾಲಿಡುವ ಹಾಗಿಲ್ಲ. ಮುಖ್ಯಸ್ಥನ ಕುರ್ಚಿಯ ಆಸೆ ಮುಗಿಯಿತು. ಜೊತೆಯವರು ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಬರುವುದಿಲ್ಲ, ನಾನೇ ಏನೋ ಅಂಟುರೋಗ ಇರುವವನ ಹಾಗೆ. ಹಳೆಯ ಪುಸ್ತಕ ತೆಗೆದು ನನ್ನ ಟಿಕ್ ಇರುವ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದೇನೆ. ಇನ್ನೂ ನಾನೂರು ಹೆಸರಿವೆ.

ಈಗ ನಿನ್ನ ವಿಷಯ. ಪಟ್ಟಿ ಇಟ್ಟವರು ಮೇಷ್ಟ್ರು, ಒಪ್ಪಿದೆ. ಆದರೆ ಮೇಷ್ಟ್ರು ಆಪರೇಷನ್ ಮಾಡಿ ಮನೆಗೆ ಹೋಗಿಬಿಡುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಪಟ್ಟಿ ತೆಗೆಯುವುದು ಸಹಾಯಕರ ಕೆಲಸ. ಹತ್ತು ವರ್ಷದ ಹಿಂದೆ ಅವರ ಸಹಾಯಕಿ ಯಾರಾಗಿದ್ದರು ಅಂತ ನನಗೆ ನೆನಪಿದೆ. ನಿನಗೂ ನೆನಪಿರಬೇಕು. ಅಮ್ಮ ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

ಎರಡರವರೆಗೆ ಎಣಿಸಲು ಬಾರದವರ ಕೈಗೆ ಚಾಕು ಕೊಟ್ಟವರ್ಯಾರು ಅಂತ ನೀನು ಬರೆದಾಗ ನಿನಗೆ ಗೊತ್ತಿತ್ತೇ, ಅಕ್ಕಾ?

ತಮ್ಮ

*

ಜೂನ್ 30

ತಮ್ಮಾ,

ಗೊತ್ತಿತ್ತು. ದಾರದ ಗಂಟು ಕಂಡಾಗಲೇ ಗೊತ್ತಾಯಿತು. ಮನೆಗೆ ಬಂದು ಹಳೆಯ ಡೈರಿ ತೆಗೆದೆ. "ಸೈಕಲ್ ಹುಡುಗಿ, ಪಟ್ಟಿ ತೆಗೆದಾಯಿತು" ಅಂತ ನನ್ನದೇ ಅಕ್ಷರದಲ್ಲಿದೆ. ಆ ಹುಡುಗಿ ನೋವಿಗೆ ಕಿರುಚಾಡುತ್ತಿದ್ದಳು ಅಂತ ನೆನಪು. ಒಂದು ಎಳೆದೆ, ರಕ್ತ ಬಂತು, ಅವಳ ತಾಯಿ ಸಾಕು ಬಿಡಿ ಅಂದಳು, ನಾನೂ ಸಾಕು ಅಂದುಕೊಂಡೆ. ಡೈರಿ ಮುಚ್ಚಿಟ್ಟು ಕೂತು ನಿನಗೆ ಫೆಬ್ರವರಿಯ ಆ ಮೊದಲ ಪತ್ರ ಬರೆದೆ. ಬೈದದ್ದೆಲ್ಲ ನನ್ನನ್ನೇ. ನೀನು ನಗುತ್ತೀಯ, ಪಂದ್ಯ ಅಂದುಕೊಳ್ಳುತ್ತೀಯ, ಅಷ್ಟಕ್ಕೆ ನನ್ನ ಬಾಯಿಯ ಕಹಿ ಹೋಗುತ್ತದೆ ಅಂದುಕೊಂಡಿದ್ದೆ. ಆಮೇಲೆ ನಿನಗೂ ಬಾಯಿ ಮುಚ್ಚು ಅಂದೆ. ಮೇಷ್ಟ್ರ ಬೆನ್ನ ಹಿಂದೆ ಅವಿತುಕೊಂಡೆ. ಎಂಬತ್ತು ವರ್ಷದ ಮನುಷ್ಯನ ಬೆನ್ನು! ನನ್ನ ಬಗ್ಗೆ ನನಗೆ ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ನಿನ್ನ ಪತ್ರ ಬಂದ ಮೇಲೂ ಎರಡು ವಾರ ಸುಮ್ಮನಿದ್ದೆ ಅನ್ನುವುದನ್ನೂ ಬರೆದುಬಿಡುತ್ತೇನೆ.

ನಿನ್ನೆ ಹುಡುಗಿ ತಪಾಸಣೆಗೆ ಬಂದಳು. ಮೂಗು ಶುಭ್ರವಾಗಿದೆ, ಗಾಯ ಮಾಗಿದೆ. ನರ್ಸ್ ಕಿಟಕಿಯ ಕಡೆ ನೋಡಲೂ ಇಲ್ಲ. ಆದರೆ ಮಾತಾಡುವಾಗೆಲ್ಲ ಅವಳು ಅಂಗೈಯನ್ನು ಬಾಯಿಯ ಹತ್ತಿರ ತಂದು ಉಸಿರು ಬಿಟ್ಟು ಮೂಸಿ ನೋಡಿಕೊಳ್ಳುತ್ತಿದ್ದಳು. ಮೀನಿನ ಕೆಲಸ ಬಿಟ್ಟೆಯಾ ಅಂತ ಕೇಳಿದೆ. "ಇಲ್ಲ ಮೇಡಂ. ಮೈಗುಣ ಅಂದ್ರಲ್ಲ, ಮತ್ತೆ ಬಂದ್ರೆ?" ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತಂತೆ, ಹೋಗಲಿಲ್ಲವಂತೆ. ಯಾರೋ ಒಬ್ಬ ಹುಡುಗ ಸಿನಿಮಾಕ್ಕೆ ಕರೆದನಂತೆ, ಪಕ್ಕದ ಸೀಟಿನಲ್ಲಿ ಎರಡೂವರೆ ಗಂಟೆ ಕೂರಬೇಕಲ್ಲ ಅಂತ ಅದಕ್ಕೂ ಹೋಗಲಿಲ್ಲ. ಅವಳು ಇದನ್ನೆಲ್ಲ ನಗುತ್ತಾ ಹೇಳಿದಳು ಕಣೋ. ಅವಳು ಖುಷಿಯಾಗಿದ್ದಾಳೆ ಅಂತ ನಿನಗೆ ಬರೆದಿದ್ದೆ.

ನರ್ಸನ್ನು ಹೊರಗೆ ಕಳಿಸಿದೆ. ಬೂಷ್ಟು ಅಲ್ಲ, ಬಟ್ಟೆ ಅಂದೆ. ಬಿಟ್ಟವಳು ನಾನು ಅಂದೆ. ನಿನ್ನ ಮೈಯಲ್ಲಿ ಯಾವತ್ತೂ ಯಾವ ದೋಷವೂ ಇರಲಿಲ್ಲ, ಇನ್ನು ಅದು ಬರುವುದಿಲ್ಲ ಅಂದೆ. ಕೈಮುಗಿದೆ. ಅವಳು ನಾಲಿಗೆಯಿಂದ ಆ ಎರಡು ಹಲ್ಲು ಇಲ್ಲದ ಜಾಗ ಸವರುತ್ತಿದ್ದದ್ದು ಕೆನ್ನೆಯ ಮೇಲೆ ಕಾಣುತ್ತಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ?"

"ಆಪರೇಷನ್ ದಿನ."

"ಫೆಬ್ರವರೀಲಾ?"

"ಹೌದಮ್ಮ."

ಬೆರಳು ಮಡಚಿ ಎಣಿಸಿದಳು.

"ಹತ್ತು ವರ್ಷ ನೀವು ಮರೆತಿದ್ರಿ. ಮನುಷ್ಯರು, ಮರೀತಾರೆ. ಈ ಐದು ತಿಂಗಳು ನೆನಪಿತ್ತಲ್ಲ ಮೇಡಂ?"

ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮುಂದಿನ ತಪಾಸಣೆಯ ಚೀಟಿ ಬರೆದಿಟ್ಟಿದ್ದೆ, ಅದು ಮೇಜಿನ ಮೇಲೇ ಇದೆ. ಅವಳು ಮರಳಿ ಬರುವುದಿಲ್ಲ.

ಅಕ್ಕ